ಗೇಟ್ ಪಾಸ್‌ನಿಂದ ಶೆಡ್ಡಿನ ಬೀಗದವರೆಗೆ: ರಕ್ಷಣಾ ಗುತ್ತಿಗೆಗೆ ಭದ್ರತಾ ಅನುಮತಿ ಪಡೆಯುವುದು ಹೇಗೆ?

ನಮ್ಮ ಶಾಪ್‌ನ ಮಂಜುನಾಥ ಟೂಲ್ ಬಾಕ್ಸ್ ಹಿಡಿದು ಬೆಳಿಗ್ಗೆ ಏಳೂವರೆಗೇ ರಕ್ಷಣಾ ಸಂಸ್ಥೆಯೊಂದರ ಗೇಟಿನ ಮುಂದೆ ನಿಂತಿದ್ದ. ಮಧ್ಯಾಹ್ನದವರೆಗೂ ಕಾದು ಹಾಗೇ ವಾಪಸ್ ಬಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.’, ಆಧಾರ್‌ನಲ್ಲಿ ‘ಮಂಜುನಾಥ ಹನುಮಂತಪ್ಪ’, ಪೊಲೀಸ್ ವೆರಿಫಿಕೇಷನ್ ಪತ್ರದಲ್ಲಿ ಬರೀ ‘ಮಂಜುನಾಥ್’. ಪಾಸ್ ಕೌಂಟರ್‌ನವರ ಲೆಕ್ಕದಲ್ಲಿ ಅವರು ಮೂವರು ಬೇರೆ ಬೇರೆ ಮನುಷ್ಯರು. ಕಾಗದ ಸರಿಹೋಗಿ ಅವನು ಒಳಗೆ ಕಾಲಿಡುವಾಗ ಹನ್ನೆರಡು ದಿನ ಕಳೆದಿದ್ದವು. ಆ ನಡುವೆ ಒಂದು ಸಂಜೆ ಹುಡುಗ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: ‘ನನ್ ಮ್ಯಾಲ ಏನರ ಡೌಟ್ ಐತೇನ್ರಿ ಸರ್?’

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಕಾಗದಪತ್ರದ ಹೊಣೆ ನನ್ನದು. ಆ ಪ್ರಶ್ನೆ ಕೇಳಿದ ಮೇಲೆ, ಆರ್ಡರ್ ಕೈಗೆ ಬರುವ ಮೊದಲೇ ನಮ್ಮ ಹುಡುಗರ ದಾಖಲೆ ಸರಿಮಾಡಿಡುವುದು ನನ್ನ ಮೊದಲ ಕೆಲಸವಾಯಿತು. ಭದ್ರತಾ ಪರಿಶೀಲನೆಯಲ್ಲಿ ಸಿಕ್ಕಿಬೀಳುವವರ ಪೈಕಿ ತಪ್ಪು ಮಾಡಿದವರನ್ನು ನಾನು ಕಂಡದ್ದು ತೀರಾ ಕಡಿಮೆ. ಇನಿಷಿಯಲ್ ತಪ್ಪಿದವರು, ಬಾಡಿಗೆ ಮನೆ ಬದಲಿಸಿದವರು, ಊರಿನ ವಿಳಾಸ ಬರೆಯಲು ಮರೆತವರೇ ಹೆಚ್ಚು.

1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುವಾಯಿತು, ಅದೇ ಇಂದಿನ ಎಚ್‌ಎಎಲ್. 1954ರಲ್ಲಿ ಜಾಲಹಳ್ಳಿಗೆ ಬಿಇಎಲ್ ಬಂತು. ಆಮೇಲೆ ಡಿಆರ್‌ಡಿಒ ಪ್ರಯೋಗಾಲಯಗಳು, ಇಸ್ರೊ ಕೇಂದ್ರಗಳು. ಇವುಗಳಿಗೆ ಬಿಡಿಭಾಗ ಮಾಡಿಕೊಡುವ, ಒಳಗೆ ಹೋಗಿ ಯಂತ್ರ ಕೂರಿಸುವ, ವೈರಿಂಗ್ ಎಳೆಯುವ, ಕ್ಯಾಂಟೀನ್ ನಡೆಸುವ ಸಣ್ಣಪುಟ್ಟ ಗುತ್ತಿಗೆದಾರರು ಈ ಊರಿನಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ನಿಮಗೆ ಬೇಕಾದದ್ದು ಏನು?

ಒಂದು ಸಲ ಅರ್ಜಿ ಹಾಕಿ ಪಡೆದು ಎಲ್ಲ ಕಡೆ ತೋರಿಸಬಹುದಾದ ‘ಸೆಕ್ಯೂರಿಟಿ ಕ್ಲಿಯರೆನ್ಸ್’ ಎಂಬ ಒಂದೇ ಸರ್ಟಿಫಿಕೇಟ್ ಸಣ್ಣ ಗುತ್ತಿಗೆದಾರನಿಗೆ ನಮ್ಮಲ್ಲಿಲ್ಲ. ‘ಅದನ್ನು ಮಾಡಿಸಿಕೊಡ್ತೀನಿ’ ಎಂದು ದುಡ್ಡು ಕೇಳುವ ಏಜೆಂಟರು ಸಿಕ್ಕರೆ ನಂಬಬೇಡಿ. ನಿಮಗೆ ಬೇಕಾಗುವುದು ಮೂರು ಬೇರೆ ಬೇರೆ ಸಂಗತಿ: ಒಳಗೆ ಹೋಗುವ ಆಳಿನ ಪರಿಶೀಲನೆ, ಕೆಲಸ ನಡೆಯುವ ನಿಮ್ಮ ಜಾಗದ ಭದ್ರತೆ, ಕಂಪನಿಯ ಒಡೆತನದ ವಿವರ. ಎಲ್ಲರಿಗೂ ಮೂರೂ ಬೇಕಾಗುವುದಿಲ್ಲ. ಗೇಟಿನೊಳಗೆ ಎಸಿ ರಿಪೇರಿ ಮಾಡುವವನಿಗೆ ಮೊದಲನೆಯದು ಸಾಕು. ಸಂಸ್ಥೆಯಿಂದ ಡ್ರಾಯಿಂಗ್ (ಭಾಗದ ಅಳತೆಯ ನಕ್ಷೆ) ತಂದು ತನ್ನ ಶೆಡ್ಡಿನಲ್ಲೇ ಭಾಗ ಮಾಡುವವನಿಗೆ ಎರಡನೆಯದು ಮುಖ್ಯ.

ಆದ್ದರಿಂದ ಟೆಂಡರ್ ಅಥವಾ ಪಿಒ (ಖರೀದಿ ಆದೇಶ) ಕೈಗೆ ಬಂದ ಕೂಡಲೇ ದರದ ಪುಟ ಬಿಟ್ಟು ಭದ್ರತೆಯ ಷರತ್ತು ಓದಿ. ಗೌಪ್ಯತಾ ಒಪ್ಪಂದ, ಪೊಲೀಸ್ ವೆರಿಫಿಕೇಷನ್, ಡ್ರಾಯಿಂಗ್ ವಾಪಸಾತಿ, ಉಪಗುತ್ತಿಗೆಗೆ ಅನುಮತಿ, ಈ ನಾಲ್ಕು ಎಲ್ಲಿ ಬರೆದಿದ್ದರೂ ಗುರುತು ಹಾಕಿಕೊಳ್ಳಿ. ಅರ್ಥವಾಗದಿದ್ದರೆ ಸಂಸ್ಥೆಯ ಭದ್ರತಾ ಅಧಿಕಾರಿಗೆ ಪತ್ರ ಬರೆದು ಕೇಳಿ. ಫೋನಿನಲ್ಲಿ ಕೇಳಿದ್ದಕ್ಕೆ ನಾಳೆ ದಾಖಲೆ ಇರುವುದಿಲ್ಲ.

ಆಳುಗಳ ಕಾಗದ

ಹೆಚ್ಚು ದಿನ ನುಂಗುವುದು ಇದೇ ಹಂತ. ಒಬ್ಬೊಬ್ಬರಿಗೂ ಒಂದು ಫೈಲ್ ಮಾಡಿ. ಅದರಲ್ಲಿ ಆಧಾರ್, ಹುಟ್ಟಿದ ದಿನಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಫೋಟೊ, ಈಗಿನ ಮನೆಯ ಬಾಡಿಗೆ ಕರಾರು, ಊರಿನ ವಿಳಾಸದ ಪುರಾವೆ, ನೀವು ಕೊಟ್ಟ ನೇಮಕಾತಿ ಪತ್ರ, ಇಎಸ್‌ಐ ಮತ್ತು ಪಿಎಫ್ ಸಂಖ್ಯೆ ಇರಲಿ. ಈಗ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆ ಅಪ್ಪನ ಹೆಸರು, ಊರ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ಶಾಲೆಯಲ್ಲಿ ಅವು ಹೆಸರಿನ ಹಿಂದೆ, ಬ್ಯಾಂಕಿನಲ್ಲಿ ಮುಂದೆ, ಆಧಾರ್‌ನಲ್ಲಿ ಪೂರ್ತಿ ಬಿಡಿಸಿ. ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ತಿದ್ದಿಸುವುದು ಸುಲಭದ ದಾರಿ. ಅಂಕಪಟ್ಟಿಯನ್ನೇ ತಿದ್ದಿಸಲು ಹೊರಟರೆ ಮಂಡಳಿಗೆ ಅಲೆದಾಟ ತಪ್ಪದು. ಎರಡೂ ಹೆಸರು ಒಬ್ಬನದೇ ಎಂಬ ನೋಟರಿ ಅಫಿಡವಿಟ್ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ನಡೆಯುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಇನ್ನು ವಿಳಾಸ. ಲಗ್ಗೆರೆ, ರಾಜಗೋಪಾಲನಗರದ ಕಡೆ ರೂಮು ಮಾಡಿಕೊಂಡಿರುವ ಹುಡುಗರು ಹನ್ನೊಂದು ತಿಂಗಳ ಕರಾರು ಮುಗಿದರೆ ಮುಂದಿನ ಬೀದಿಗೆ ಹೋಗುತ್ತಾರೆ. ಎಷ್ಟೋ ಮನೆ ಮಾಲೀಕರು ಕರಾರನ್ನೇ ಬರೆದುಕೊಡುವುದಿಲ್ಲ. ಸರ್ಕಾರಿ ದೃಢೀಕರಣ ನಮೂನೆಯಲ್ಲಿ ಹಿಂದಿನ ಐದು ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದ ಸ್ಥಳಗಳೆಲ್ಲವನ್ನೂ ಕೇಳುತ್ತಾರೆ. ನೆನಪಿನಿಂದ ಬರೆದರೆ ತಪ್ಪುತ್ತದೆ. ನಾನು ಹುಡುಗರನ್ನು ಕೂರಿಸಿಕೊಂಡು ಹಬ್ಬದ ಲೆಕ್ಕದಲ್ಲಿ ಕೇಳುತ್ತೇನೆ: ಆ ಯುಗಾದಿಗೆ ಯಾವ ರೂಮಿನಲ್ಲಿದ್ದೆ, ದೀಪಾವಳಿಗೆ ಊರಿಗೆ ಹೋದದ್ದು ಯಾವ ಮನೆಯಿಂದ? ತಾರೀಕು ಮರೆತವರಿಗೂ ಹಬ್ಬ ನೆನಪಿರುತ್ತದೆ.

ಬಾಡಿಗೆ ಕರಾರು ಇಲ್ಲದವನಿಗೆ ಮಾಲೀಕರ ಮನೆಗೆ ನೀವೇ ಹೋಗಿ ವಿಷಯ ತಿಳಿಸಿ ಮಾಡಿಸಿಕೊಡಿ. ‘ಪೊಲೀಸ್’ ಎಂಬ ಮಾತು ಕಿವಿಗೆ ಬಿದ್ದರೆ ರೂಮ್ ಖಾಲಿ ಮಾಡಿಸುವ ಮಾಲೀಕರನ್ನು ನಾನು ನೋಡಿದ್ದೇನೆ. ದೂರದ ಊರಿನಿಂದ ಬಂದ ಹುಡುಗ ಅಲ್ಲಿ ಒಬ್ಬನೇ ನಿಂತು ವಿವರಿಸಲಾರ. ಕಂಪನಿಯ ಲೆಟರ್‌ಹೆಡ್ ಹಿಡಿದು ನೀವು ಜೊತೆಗಿದ್ದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಪೊಲೀಸ್ ವೆರಿಫಿಕೇಷನ್

ಅರ್ಜಿಯನ್ನು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕು. ಉದ್ದೇಶದ ಜಾಗದಲ್ಲಿ ಉದ್ಯೋಗ ಎಂಬುದನ್ನೇ ಆರಿಸಿ. ವಿದೇಶಕ್ಕೆ ಹೋಗುವವರಿಗೆ ಪಾಸ್‌ಪೋರ್ಟ್ ಕಚೇರಿ ಕೊಡುವ ಪತ್ರವೇ ಬೇರೆ, ಅದನ್ನು ತಂದು ಗೇಟಿನಲ್ಲಿ ತೋರಿಸಿದರೆ ಪ್ರಯೋಜನವಿಲ್ಲ. ಅರ್ಜಿ ಈಗಿನ ವಾಸದ ಠಾಣೆಗೆ ಹೋಗುತ್ತದೆ. ಅಲ್ಲಿ ವಿಳಾಸ ವಿಚಾರಿಸಿ, ಅಪರಾಧ ದಾಖಲೆ ನೋಡುತ್ತಾರೆ. ಅರ್ಜಿಯಲ್ಲಿ ಕೊಟ್ಟ ಫೋನ್ ನಂಬರ್ ಚಾಲ್ತಿಯಲ್ಲಿರಲಿ. ಠಾಣೆಯಿಂದ ಕರೆ ಬಂದಾಗ ಹುಡುಗ ಮಷಿನ್ ಮುಂದೆ ಇರುತ್ತಾನೆ, ಫೋನ್ ಲಾಕರ್‌ನಲ್ಲಿರುತ್ತದೆ. ಎರಡನೇ ನಂಬರ್ ಆಗಿ ಆಫೀಸಿನದು ಕೊಡಿ.

ಹೊರರಾಜ್ಯದವರಿಗೆ, ಎಷ್ಟೋ ಸಲ ಬೇರೆ ಜಿಲ್ಲೆಯವರಿಗೂ, ಊರಿನ ಠಾಣೆಯಿಂದ ಬಂದ ವರದಿಯನ್ನೂ ಸಂಸ್ಥೆಗಳು ಕೇಳುತ್ತವೆ. ಬಿಹಾರ, ಒಡಿಶಾದಿಂದ ಬಂದ ವೆಲ್ಡರ್‌ಗಳಿದ್ದರೆ ಇದಕ್ಕೆ ಬೇರೆಯೇ ಸಮಯ ಎತ್ತಿಡಿ. ಪತ್ರದ ಅವಧಿ ಎಷ್ಟೆಂದು ಆಯಾ ಸಂಸ್ಥೆಯೇ ಹೇಳುತ್ತದೆ. ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಹಳೆಯ ಕೇಸ್ ಇದ್ದವರ ಮಾತು. ಜಾತ್ರೆಯ ಜಗಳ, ಕಾಲೇಜಿನ ಮುಷ್ಕರ, ಅಣ್ಣತಮ್ಮಂದಿರ ಜಮೀನಿನ ತಂಟೆಯಲ್ಲಿ ಎಫ್‌ಐಆರ್‌ಗೆ ಹೆಸರು ಸೇರಿದ ಒಳ್ಳೆಯ ಕೆಲಸಗಾರರು ಇದ್ದಾರೆ. ನಮೂನೆ ಕೇಳಿದ್ದರೆ ಮುಚ್ಚಿಡಬೇಡಿ. ಕೇಸ್ ಸಂಖ್ಯೆ, ಏನಾಯಿತು, ಖುಲಾಸೆಯಾಗಿದ್ದರೆ ಆದೇಶದ ಪ್ರತಿ, ಎಲ್ಲವನ್ನೂ ಲಗತ್ತಿಸಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ವಿಷಯವನ್ನು ಮುಚ್ಚಿಟ್ಟಿದ್ದರೂ ಉದ್ಯೋಗದಾತ ವಿವೇಚನೆ ಬಳಸಿ ಅದನ್ನು ಕಡೆಗಣಿಸಬಹುದು ಎಂದಿತು. ಆದರೆ ಗಂಭೀರ ವಿಷಯ ಮುಚ್ಚಿಟ್ಟರೆ ಕೆಲಸವೇ ಹೋಗಬಹುದು. ಅದು ನೌಕರಿಯ ವಿಚಾರದ ತೀರ್ಪು, ಗುತ್ತಿಗೆಯವನ ಪಾಸ್‌ಗೆ ನೇರವಾಗಿ ಅನ್ವಯಿಸುವುದಲ್ಲ. ಆದರೂ ಅಧಿಕಾರಿಗಳ ಮುಂದೆ ಮಾತಾಡುವಾಗ ಈ ತಿಳಿವಳಿಕೆ ಕೈಲಿರಲಿ.

ಗೇಟಿನ ದಿನ

ಕೆಲವು ಕಡೆ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ), ಕೆಲವು ಕಡೆ ಡಿಎಸ್‌ಸಿ (ರಕ್ಷಣಾ ಭದ್ರತಾ ದಳ), ಇನ್ನು ಕೆಲವು ಕಡೆ ಸಂಸ್ಥೆಯದೇ ಸಿಬ್ಬಂದಿ ಕಾವಲಿರುತ್ತಾರೆ. ಪಾಸ್‌ಗೆ ಒಳಗಿನ ವಿಭಾಗದವರು ಮೊದಲೇ ಕೋರಿಕೆ ಕಳಿಸಿರಬೇಕು. ಮೂಲ ಗುರುತಿನ ಚೀಟಿ ಒಯ್ಯಿರಿ, ಜೆರಾಕ್ಸ್ ನಡೆಯದು. ಮೊಬೈಲ್, ಸ್ಮಾರ್ಟ್ ವಾಚ್, ಪೆನ್‌ಡ್ರೈವ್ ಮನೆಯಲ್ಲೇ ಬಿಡುವುದು ಕ್ಷೇಮ. ಒಯ್ಯುವ ಸ್ಪ್ಯಾನರ್, ವರ್ನಿಯರ್, ಡಯಲ್ ಗೇಜ್ ಎಲ್ಲವನ್ನೂ ಸೀರಿಯಲ್ ನಂಬರ್ ಸಮೇತ ಎರಡು ಪ್ರತಿಯಲ್ಲಿ ಬರೆದು ಒಳಹೋಗುವಾಗಲೇ ಸಹಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಸಂಜೆ ನಿಮ್ಮದೇ ಗೇಜ್ ಹೊರಗೆ ತರಲು ಆಗುವುದಿಲ್ಲ.

ನಿಮ್ಮ ಶೆಡ್ಡಿನ ಭದ್ರತೆ

ಪರವಾನಗಿ ಪಡೆದ ರಕ್ಷಣಾ ಉದ್ಯಮಗಳಿಗೆಂದು ರಕ್ಷಣಾ ಉತ್ಪಾದನಾ ಇಲಾಖೆಯ ಭದ್ರತಾ ಕೈಪಿಡಿ ಇದೆ. ಅದು ಉತ್ಪನ್ನಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಎ ವರ್ಗಕ್ಕೆ ಅತಿ ಸೂಕ್ಷ್ಮವಾದವು, ಯುದ್ಧವಿಮಾನ, ಯುದ್ಧನೌಕೆ, ಟ್ಯಾಂಕ್‌ನಂಥವು. ಬಿ ವರ್ಗಕ್ಕೆ ಅವುಗಳ ಉಪಜೋಡಣೆಗಳು ಮತ್ತು ಅಷ್ಟು ಸೂಕ್ಷ್ಮವಲ್ಲದ ಕೆಲವು ಸಿದ್ಧ ವಸ್ತುಗಳು. ಸಿ ವರ್ಗಕ್ಕೆ ಗೋಪ್ಯ ಮಾಹಿತಿ ಬೇಡದ ಸಾಮಾನ್ಯ ಸರಕು. ಮೇಲಿನ ವರ್ಗಕ್ಕೆ ಹೋದಂತೆ ಬೇಲಿ, ಕ್ಯಾಮೆರಾ, ಭದ್ರತಾ ಅಧಿಕಾರಿ, ಸೈಬರ್ ಲೆಕ್ಕಪರಿಶೋಧನೆ ಬಿಗಿಯಾಗುತ್ತವೆ. ನೀವು ಪರವಾನಗಿದಾರರಲ್ಲದಿದ್ದರೂ, ನಿಮಗೆ ಕೆಲಸ ಕೊಟ್ಟವರು ಅದರಲ್ಲಿನ ಒಂದಷ್ಟನ್ನು ಒಪ್ಪಂದದ ಮೂಲಕ ನಿಮ್ಮ ಮೇಲೂ ಹಾಕಬಹುದು.

ಸಣ್ಣ ಶಾಪ್‌ನಲ್ಲಿ ಡ್ರಾಯಿಂಗ್ ಸೋರುವ ದಾರಿಗಳು ಬೇರೆ. ಆಪರೇಟರ್ ಡ್ರಾಯಿಂಗನ್ನು ಮಷಿನ್ ಬಾಗಿಲಿಗೆ ಟೇಪ್ ಹಾಕಿ ಅಂಟಿಸುತ್ತಾನೆ. ಟೀ ತರುವ ಹುಡುಗನಿಂದ ಹಿಡಿದು ಇನ್ಸರ್ಟ್ ಮಾರಲು ಬಂದ ಸೇಲ್ಸ್‌ಮನ್‌ವರೆಗೆ ಎಲ್ಲರ ಕಣ್ಣಿಗೂ ಅದು ಬೀಳುತ್ತದೆ. ಇನ್ನೂ ದೊಡ್ಡದು ವಾಟ್ಸ್ಆ್ಯಪ್. ಪ್ಲೇಟಿಂಗ್‌ಗೆ, ಹೀಟ್ ಟ್ರೀಟ್‌ಮೆಂಟ್‌ಗೆ ಜಾಬ್ ವರ್ಕ್ ಕಳಿಸುವಾಗ ‘ಡ್ರಾಯಿಂಗ್ ಹಾಕಿ ಸಾರ್’ ಅಂತಾರೆ, ಸೂಪರ್‌ವೈಸರ್ ಫೋಟೊ ಹೊಡೆದು ಹಾಕಿಬಿಡುತ್ತಾನೆ. ಅಲ್ಲಿಗೆ ಆ ಡ್ರಾಯಿಂಗ್ ಎಷ್ಟು ಫೋನ್‌ಗಳಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ನಾವು ಕಂಡುಕೊಂಡ ದಾರಿ ಇದು: ಪ್ಲೇಟಿಂಗ್‌ನವರಿಗೆ ಬೇಕಾದ್ದು ಲೇಪನದ ದಪ್ಪ ಮತ್ತು ಎಲ್ಲಿ ಲೇಪನ ತಾಗದಂತೆ ಮುಚ್ಚಬೇಕು ಎಂಬುದು ಮಾತ್ರ. ಅಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಕಳಿಸುತ್ತೇವೆ. ಭಾಗ ಯಾವುದಕ್ಕೆ, ಯಾರಿಗೆ ಎಂಬುದು ಅದರಲ್ಲಿರುವುದಿಲ್ಲ. ಉಪಗುತ್ತಿಗೆಗೆ ಲಿಖಿತ ಒಪ್ಪಿಗೆ ಬೇಕೆಂದು ಪಿಒ ಹೇಳಿದ್ದರೆ ಅದನ್ನು ಮೊದಲೇ ಪಡೆದಿರುತ್ತೇವೆ.

ಡ್ರಾಯಿಂಗ್‌ಗೆ ಒಂದು ರಿಜಿಸ್ಟರ್ ಇಡಿ: ಯಾವ ನಂಬರ್, ಎಷ್ಟನೇ ಪ್ರತಿ, ಯಾರು ತೆಗೆದರು, ಎಷ್ಟು ಗಂಟೆಗೆ ವಾಪಸ್. ಸಂಜೆ ಎಲ್ಲವೂ ಬೀರುವಿಗೆ, ಕೀಲಿ ಒಬ್ಬರ ಹತ್ತಿರ. ಡ್ರಾಯಿಂಗ್‌ನ ಕ್ಯಾಡ್ ಫೈಲ್ ಇರುವ ಕಂಪ್ಯೂಟರ್‌ಗೆ ಇಂಟರ್ನೆಟ್ ಬೇಡ. ಒಂದೇ ಶೆಡ್ಡನ್ನು ಇಬ್ಬರು ಹಂಚಿಕೊಂಡಿರುವುದು ಪೀಣ್ಯದಲ್ಲಿ ಸಾಮಾನ್ಯ. ಹಾಗಿದ್ದರೆ ಕನಿಷ್ಠ ಶೀಟ್ ಹಾಕಿ ಮರೆಮಾಡಿ, ಬೇರೆ ಬಾಗಿಲು ಇಡಿ.

ರಿಜೆಕ್ಟ್ ಆದ ಪೀಸ್‌ಗಳನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ. ಡ್ರಾಯಿಂಗ್ ಬೀಗದಲ್ಲಿದ್ದರೇನು, ಅದೇ ಆಕಾರ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಕೂತಿರುತ್ತದೆ. ಅಳತೆ ಸಿಗದಂತೆ ಕತ್ತರಿಸಿ, ಎಷ್ಟು ಪೀಸ್ ಎಂದು ಬರೆದು, ಇಬ್ಬರು ಸಹಿ ಹಾಕಿ. ಮೂಲ ಸರಕು ಸಂಸ್ಥೆಯದ್ದಾಗಿದ್ದರೆ ಅವರನ್ನೇ ಕೇಳಿ ವಾಪಸ್ ಕೊಡಿ.

ಇದೆಲ್ಲಕ್ಕೂ ಹಿಂದೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ. ರಹಸ್ಯ ಮಾಹಿತಿಯನ್ನು ಅನಧಿಕೃತವಾಗಿ ಬೇರೆಯವರಿಗೆ ತಿಳಿಸಿದರಷ್ಟೇ ಅಲ್ಲ, ಜೋಪಾನ ಮಾಡದೆ ಬಿಟ್ಟರೂ 5ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ರಕ್ಷಣಾ ನೆಲೆಗಳಿಗೆ ಸಂಬಂಧಿಸಿದ ಗೂಢಚಾರಿಕೆಗೆ 3ನೇ ಸೆಕ್ಷನ್ ಹದಿನಾಲ್ಕು ವರ್ಷದವರೆಗೂ ಹೇಳುತ್ತದೆ. ಹೊಸ ಹುಡುಗನ ಕೈಗೆ ಡ್ರಾಯಿಂಗ್ ಕೊಡುವ ದಿನವೇ ಇದನ್ನು ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ, ಆಮೇಲೆ ಸಹಿ ಪಡೆಯಿರಿ. ಓದಲಾಗದ ಇಂಗ್ಲಿಷ್ ಹಾಳೆಯ ಕೆಳಗೆ ಹಾಕಿಸಿಕೊಂಡ ಸಹಿಯಿಂದ ಅವನಿಗೇನೂ ತಿಳಿಯುವುದಿಲ್ಲ.

ಪರವಾನಗಿ, ಒಡೆತನ

ಬಿಡಿಭಾಗ ಮಾಡುವವರಲ್ಲಿ ಬಹಳ ಮಂದಿಗೆ ಕೈಗಾರಿಕಾ ಪರವಾನಗಿ ಬೇಕಾಗುವುದೇ ಇಲ್ಲ. 2014ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪರವಾನಗಿ ಬೇಕಾದ ರಕ್ಷಣಾ ಉತ್ಪನ್ನಗಳ ಪಟ್ಟಿ ಹೊರಡಿಸಿ, ಸಾಮಾನ್ಯ ಬಿಡಿಭಾಗ, ಎರಕ, ಫೋರ್ಜಿಂಗ್‌ಗಳನ್ನು ಅದರಿಂದ ಕೈಬಿಟ್ಟಿತು. ನಿಮ್ಮ ಉತ್ಪನ್ನ ಈಗಿನ ಪಟ್ಟಿಯಲ್ಲಿದ್ದರೆ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಗೆ (ಡಿಪಿಐಐಟಿ) ಆನ್‌ಲೈನ್ ಅರ್ಜಿ. ಆಗ ನಿರ್ದೇಶಕರು, ಮುಖ್ಯ ಷೇರುದಾರರ ವಿವರ ಗೃಹ ಸಚಿವಾಲಯದ ಪರಿಶೀಲನೆಗೆ ಹೋಗುತ್ತದೆ. ಮಂಜುನಾಥನ ಇನಿಷಿಯಲ್ ತೊಡಕು ಮಾಲೀಕರ ಪಾನ್, ಪಾಸ್‌ಪೋರ್ಟ್‌ಗಳಲ್ಲೂ ಇರಬಹುದು, ನೋಡಿಕೊಳ್ಳಿ.

ಷೇರು ಬಂಡವಾಳ ತರುವವರು ಒಂದು ವಿಷಯ ಗಮನಿಸಿ. 2020ರ ಜುಲೈನ ಆದೇಶದಂತೆ, ಭಾರತದ ಜೊತೆ ಭೂಗಡಿ ಹಂಚಿಕೊಂಡ ದೇಶಗಳ ನಂಟಿರುವ ಬಿಡ್ಡುದಾರರು ಸರ್ಕಾರಿ ಖರೀದಿಯಲ್ಲಿ ಭಾಗವಹಿಸಲು ನೋಂದಣಿ ಬೇಕು. ಅದಕ್ಕೆ ವಿದೇಶಾಂಗ ಮತ್ತು ಗೃಹ ಸಚಿವಾಲಯಗಳ ಅನುಮತಿಯೂ ಬೇಕು. ಇದಕ್ಕಾಗಿ ಟೆಂಡರ್‌ಗಳಲ್ಲಿ ಕೇಳುವ ಘೋಷಣಾ ಪತ್ರಕ್ಕೆ ಓದದೆ ಸಹಿ ಹಾಕಬೇಡಿ.

ಅಮೆರಿಕದ ಆರ್ಡರ್ ಬಂದರೆ

ಅಲ್ಲಿನ ಪದ್ಧತಿ ಬೇರೆ. ಅಲ್ಲಿ ಕಂಪನಿ ತಾನಾಗಿ ಅರ್ಜಿ ಹಾಕುವಂತಿಲ್ಲ. ಸರ್ಕಾರಿ ಇಲಾಖೆಯೋ, ಈಗಾಗಲೇ ಅನುಮತಿ ಪಡೆದ ಗುತ್ತಿಗೆದಾರನೋ ಹೆಸರು ಸೂಚಿಸಬೇಕು. ಡಿಸಿಎಸ್‌ಎ ಎಂಬ ಅಲ್ಲಿನ ಸರ್ಕಾರಿ ಭದ್ರತಾ ಸಂಸ್ಥೆ ಕಂಪನಿಯ ಒಡೆತನವನ್ನೂ ಜಾಗವನ್ನೂ ನೋಡುತ್ತದೆ, ಆಳುಗಳು ಎಸ್‌ಎಫ್-86 ಎಂಬ ಉದ್ದದ ನಮೂನೆ ತುಂಬುತ್ತಾರೆ. ಈ ವೈಯಕ್ತಿಕ ಅನುಮತಿ ಸಾಮಾನ್ಯವಾಗಿ ಅಮೆರಿಕದ ಪ್ರಜೆಗಳಿಗೇ. ಬೆಂಗಳೂರಿನ ನಮ್ಮ ಎಂಜಿನಿಯರ್ ಅದಕ್ಕೆ ಓಡಾಡುವ ಅಗತ್ಯವಿಲ್ಲ. ಎರಡು ದೇಶಗಳ ನಡುವೆ ಮಿಲಿಟರಿ ಮಾಹಿತಿ ರಕ್ಷಣೆಗೆ 2002ರಲ್ಲಿ ಒಪ್ಪಂದವಾಗಿತ್ತು. 2019ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಅದಕ್ಕೆ ಕೈಗಾರಿಕಾ ಭದ್ರತಾ ಅನುಬಂಧ ಸೇರಿ ಖಾಸಗಿ ಕಂಪನಿಗಳಿಗೂ ದಾರಿಯಾಯಿತು. ಗೋಪ್ಯ ದಾಖಲೆ ಬರುವುದಾದರೆ ಸರ್ಕಾರಗಳ ಮೂಲಕವೇ ಬರಬೇಕು. ಇಮೇಲ್‌ನಲ್ಲಿ ನೇರವಾಗಿ ಬಂದರೆ ತೆರೆಯುವ ಮುಂಚೆ ಕಳಿಸಿದವರನ್ನು ವಿಚಾರಿಸಿ.

ತಿರಸ್ಕಾರ, ರಾಜೀನಾಮೆ

ಪಾಸ್ ನಿರಾಕರಿಸಿದರೆ ಎಷ್ಟೋ ಸಲ ಕಾರಣ ಹೇಳುವುದಿಲ್ಲ. ನಿಮಗೆ ಕೆಲಸ ಕೊಟ್ಟ ವಿಭಾಗದ ಮೂಲಕ ಬರವಣಿಗೆಯಲ್ಲಿ ಕೇಳಿ, ದಾಖಲೆಯ ದೋಷವಾದರೆ ತಿದ್ದಿ ಮತ್ತೆ ಹಾಕಿ. ಅಷ್ಟರವರೆಗೆ ಆ ಕೆಲಸಗಾರನಿಗೆ ಶಾಪ್‌ನಲ್ಲೇ ಬೇರೆ ಕೆಲಸ ಕೊಡಿ, ಸಂಬಳ ನಿಲ್ಲಿಸಬೇಡಿ.

ಯಾರಾದರೂ ಕೆಲಸ ಬಿಟ್ಟರೆ ಲೆಕ್ಕ ಚುಕ್ತಾ ಮಾಡುವ ದಿನವೇ ಪಾಸ್ ವಾಪಸ್ ಪಡೆದು, ಸಂಸ್ಥೆಗೆ ಒಪ್ಪಿಸಿ, ರಶೀದಿ ಇಟ್ಟುಕೊಳ್ಳಿ. ಮಂಜುನಾಥ ಹೋದ ತಿಂಗಳು ಮದುವೆಗೆಂದು ರಜೆ ಹಾಕಿದ. ಲಗ್ನಪತ್ರಿಕೆಯ ಜೊತೆಗೆ ಹೊಸ ಮನೆಯ ಬಾಡಿಗೆ ಕರಾರಿನ ಜೆರಾಕ್ಸನ್ನೂ ನನ್ನ ಮೇಜಿನ ಮೇಲೆ ಇಟ್ಟು ಹೋದ.