ನಾಡಿಮಿಡಿತದಿಂದಲೇ ನಡೆಯುವ ಬಿಪಿ ಪಟ್ಟಿ: ಮನೆಯಲ್ಲಿ ಬಳಸುವುದು ಹೇಗೆ?

ಮಣಿಕಟ್ಟಿನ ನಾಡಿ ಮಿಡಿದಾಗಲೆಲ್ಲ ಮೇಲಿನ ಚರ್ಮ ತುಸುವೇ ಎದ್ದು ಇಳಿಯುತ್ತದೆ. ಆ ಅಲುಗಾಟವನ್ನೇ ವಿದ್ಯುತ್ ಸಂಕೇತವನ್ನಾಗಿಸುವ ತೆಳು ಪಟ್ಟಿಗಳನ್ನು ಸಂಶೋಧಕರು ರೂಪಿಸಿದ್ದಾರೆ. ಒತ್ತಿದಾಗ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ವಿಜ್ಞಾನಿಗಳಾದ ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು. ಈಗಿನ ಎಷ್ಟೋ ಪಟ್ಟಿಗಳಲ್ಲಿ ಅದೇ ಗುಣವುಳ್ಳ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಹಾಳೆಯಿದೆ. ಅಲುಗಾಟವನ್ನು ಗುರುತಿಸುವ ಈ ಸಂವೇದಕಕ್ಕೆ (ಸೆನ್ಸರ್) ಬ್ಯಾಟರಿ ಬೇಡವಾದರೂ, ಮಾಹಿತಿಯನ್ನು ಮೊಬೈಲಿಗೆ ಕಳಿಸುವ ಭಾಗಕ್ಕೆ ಸಾಮಾನ್ಯವಾಗಿ ಅದು ಬೇಕೇ ಬೇಕು.

ಇಂಥ ಪಟ್ಟಿ ರಕ್ತದೊತ್ತಡವನ್ನು ನೇರವಾಗಿ ಅಳೆಯುವುದಿಲ್ಲ ಎಂಬುದನ್ನು ಬಳಸುವವರು ಮೊದಲು ತಿಳಿದಿರಬೇಕು. ಒತ್ತಡ ಏರಿದಾಗ ರಕ್ತನಾಳದ ಗೋಡೆ ಬಿಗಿಯಾಗಿ ನಾಡಿಯ ಅಲೆ ಬೇಗ ಸಾಗುತ್ತದೆ. ಆ ಅಲೆಯ ವೇಗ ಮತ್ತು ಆಕಾರದಿಂದ ಒತ್ತಡವನ್ನು ಲೆಕ್ಕ ಹಾಕಲಾಗುತ್ತದೆ. ಲೆಕ್ಕಕ್ಕೆ ಆಧಾರವಾದ ಅಂಕಿ ಸಿಗುವುದು ತೋಳಿಗೆ ಸುತ್ತುವ ಹಳೆಯ ಬಿಪಿ ಯಂತ್ರದಿಂದಲೇ. ಆದ್ದರಿಂದ ಆ ಯಂತ್ರವನ್ನು ಅಟ್ಟಕ್ಕೆ ಹಾಕಬಾರದು.

ಮೊದಲ ಕೆಲಸ ಆ ಅಂಕಿಯನ್ನು ಸರಿಯಾಗಿ ಪಡೆಯುವುದು. ಚಹಾ, ಬೀಡಿ, ಶ್ರಮದ ಕೆಲಸ ಮುಗಿದು ಅರ್ಧ ಗಂಟೆಯಾಗಿರಬೇಕು. ನಮ್ಮ ಕಲಬುರಗಿ ಕಡೆಯ ಹಿರಿಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇ ತೋಳು ಚಾಚುತ್ತಾರೆ. ಅವರನ್ನು ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದ ನೆಲಕ್ಕೂರುವಂತೆ ಕೂರಿಸಿ, ಐದು ನಿಮಿಷ ಮಾತಿಲ್ಲದೆ ಇರಲು ಬಿಡಬೇಕು. ತೋಳು ಹೃದಯದ ಮಟ್ಟದಲ್ಲಿರಲಿ. 10 ಸೆಂಟಿಮೀಟರ್ ಕೆಳಗಿಳಿದರೂ ಅಂಕಿ ಸುಮಾರು 8ರಷ್ಟು ಏರುತ್ತದೆ, ಮಣಿಕಟ್ಟಿನ ಪಟ್ಟಿಗೂ ಇದು ಅನ್ವಯಿಸುತ್ತದೆ. ಒಂದು ನಿಮಿಷ ಬಿಟ್ಟು ಎರಡನೆಯ ಸಲ ಅಳೆದು, ಎರಡರ ಸರಾಸರಿಯನ್ನು ಬರೆದಿಡಬೇಕು.

ಅನಂತರ ಮಣಿಕಟ್ಟನ್ನು ಒರೆಸಿ, ಹೆಬ್ಬೆರಳಿನ ಬುಡದ ಕಡೆ ನಾಡಿ ಚೆನ್ನಾಗಿ ಸಿಗುವ ಜಾಗ ಹುಡುಕಿ, ಪಟ್ಟಿಯನ್ನು ಬಿಗಿಯೂ ಸಡಿಲವೂ ಆಗದಂತೆ ಕಟ್ಟಿ, ಆ ಸರಾಸರಿಯನ್ನು ತಯಾರಕರ ಸೂಚನೆಯಂತೆ ಅದಕ್ಕೆ ನೀಡಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬೆವರೇ ದೊಡ್ಡ ತೊಡಕು. ಎರಡು ಪದರಗಳ ತಾಗಾಟದಿಂದ ವಿದ್ಯುತ್ ಪಡೆಯುವ ಬಗೆಯ ಪಟ್ಟಿಯೊಳಗೆ ತೇವ ಸೇರಿದರೆ ಸಂಕೇತ ಕುಗ್ಗುತ್ತದೆ. ರೊಟ್ಟಿ ತಟ್ಟುವಾಗ, ತೊಗರಿ ಹಸನು ಮಾಡುವಾಗ ಕೈಯಾಡುವುದರಿಂದಲೂ ಅಲೆ ಕಲಕುತ್ತದೆ. ಆ ಹೊತ್ತಿನ ಅಂಕಿ ಲೆಕ್ಕಕ್ಕಿಲ್ಲ.

ಪಟ್ಟಿ ಕಟ್ಟುವ ಜಾಗ ಬದಲಾದಾಗ, ಮಾತ್ರೆ ಬದಲಾದಾಗ ಮತ್ತೆ ತೋಳಿನ ಯಂತ್ರದೊಂದಿಗೆ ಹೊಂದಿಸಬೇಕು. ಆ ಯಂತ್ರದಲ್ಲಿ ಬೆಳಿಗ್ಗೆ, ಸಂಜೆ ಏಳು ದಿನ ಅಳೆದು, ಮೊದಲ ದಿನದ್ದನ್ನು ಬಿಟ್ಟು ತೆಗೆದ ಸರಾಸರಿ 135/85 ಅಥವಾ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಬೇಕು. ಪಟ್ಟಿಯ ಅಂಕಿ ನೋಡಿ ಮಾತ್ರೆ ನಿಲ್ಲಿಸುವುದು ಅಪಾಯ. ಎದೆನೋವು, ಉಸಿರುಕಟ್ಟು, ಮಾತಿನ ತೊದಲು ಕಾಣಿಸಿಕೊಂಡರೆ ಪಟ್ಟಿ ಏನೇ ತೋರಿಸಲಿ, ತಡಮಾಡದೆ 108ಕ್ಕೆ ಕರೆ ಮಾಡಬೇಕು.