ಕಾಲು ಮೊದಲು, ಎದೆ ಆಮೇಲೆ: ಸಿಡ್ನಿಯ ರಗ್ಬಿ ಲೀಗ್ ಹುಡುಗರಿಗೆ ಕಬಡ್ಡಿ ಹಿಡಿತ ಕಲಿಸಿದ ನನ್ನ ಅನುಭವ

2023ರ ಸೀಸನ್‌ನಲ್ಲಿ ನಮ್ಮ ಹುಡುಗರು ಪಂದ್ಯಕ್ಕೆ ಹೆಚ್ಚುಕಡಿಮೆ ಹನ್ನೆರಡು ಪಾಯಿಂಟ್ ಬಿಟ್ಟುಕೊಟ್ಟರು. ನಾನು ತಂಡ ಕೈಗೆ ತಗೊಂಡ 2019ರಲ್ಲಿ ಅದು ಮೂವತ್ತರ ಮೇಲಿತ್ತು. ಹುಡುಗರು ಬಹುಪಾಲು ಅವರೇ. ಬದಲಾಗಿದ್ದು ಹಿಡಿಯುವ ರೀತಿ. "ಅದು ಕಬಡ್ಡಿ, ಇದು ಲೀಗ್, ಎರಡೂ ಸೇರಲ್ಲ" ಅಂತ ನನಗೆ ನಾಲ್ಕು ವರ್ಷ ಹೇಳಿದವರು ಇದ್ದಾರೆ. ಈಗ ಅವರಲ್ಲೇ ಇಬ್ಬರು ನಮ್ಮ ಪ್ರಾಕ್ಟೀಸ್ ನೋಡಲು ಬರುತ್ತಾರೆ. ಅದಕ್ಕೇ ಬರೆಯಬೇಕು ಅನ್ನಿಸಿತು. ಲೀಗ್‌ನಲ್ಲಿ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವುದು ಟ್ಯಾಕಲ್. ಆರು ಟ್ಯಾಕಲ್ ಆದರೆ ಚೆಂಡು ಎದುರಾಳಿಗೆ, ಪ್ರತಿ ಟ್ಯಾಕಲ್ ಆದಮೇಲೆ ಹಿಡಿಯುವ ತಂಡ ಹತ್ತು ಮೀಟರ್ ಹಿಂದೆ ಸರಿಯಬೇಕು. ಉಳಿದ ನಿಯಮ ವಿವರಿಸುತ್ತಾ ಕೂರುವುದಿಲ್ಲ. ಲೀಗ್ ಆಡಿದವರಿಗೆ, ಕಬಡ್ಡಿ ಕಲಿಸುವವರಿಗೆ ಇದು ನೇರವಾಗಿ ಅರ್ಥವಾಗುತ್ತದೆ.

ನಾನು ಮಂಡ್ಯ ಕಡೆಯವನು. ಕಾಲೇಜಿನಲ್ಲಿ ಕಬಡ್ಡಿಯ ರೈಟ್ ಕಾರ್ನರ್ ಆಡುತ್ತಿದ್ದೆ, ಬಲ ತುದಿಯಲ್ಲಿ ನಿಂತು ರೈಡರ್‌ನ ಕಾಲಿಗೆ ಹೋಗುವ ಜಾಗ. ಮ್ಯಾಟ್ ಅಲ್ಲ, ನೀರು ಚಿಮುಕಿಸಿದ ಮಣ್ಣು. 2009ರಲ್ಲಿ ಸಿಡ್ನಿಗೆ ಬಂದು ಪಶ್ಚಿಮ ಭಾಗದ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದೆ. ಮುಂದಿನ ವರ್ಷ ಜೊತೆಯ ಕೆಲಸಗಾರನೊಬ್ಬ ಲೋಕಲ್ ತಂಡಕ್ಕೆ ಆಳು ಕಡಿಮೆ ಅಂತ ಕರೆದುಕೊಂಡು ಹೋದ. ಹತ್ತನೇ ನಂಬರ್ ಜೆರ್ಸಿ ಕೊಟ್ಟರು, ಪ್ರಾಪ್, ಅಂದರೆ ಮುಂಸಾಲಿನಲ್ಲಿ ನುಗ್ಗುವ ಫಾರ್ವರ್ಡ್. ಎದುರಿಗೆ ನೂರಹತ್ತು ಕೆಜಿ ಮೀರಿದ ಟೋಂಗಾ ಮೂಲದ ಫಾರ್ವರ್ಡ್. ಓಡಿ ಬಂದ. ನಾನು ಅಭ್ಯಾಸಬಲದಿಂದ ಕಾಲಿಗೆ ಹೋದೆ, ಬಿದ್ದ. ಆದರೆ ಬೀಳುವ ಮೊದಲೇ ಒಂದೇ ಕೈಯಲ್ಲಿ ಚೆಂಡನ್ನು ಪಕ್ಕದವನಿಗೆ ದಾಟಿಸಿದ್ದ, ಅವನು ಹೋಗಿ ನಮ್ಮ ಗೆರೆಯಾಚೆ ಚೆಂಡು ಊರಿದ. ಟ್ರೈ. ಹದಿನೈದು ನಿಮಿಷಕ್ಕೆ ಕೋಚ್ ನನ್ನನ್ನು ಹೊರಗೆ ಕರೆದರು. "ಕಾಲು ಬಿಡು, ಚೆಂಡಿಗೆ ಹೋಗು" ಅಂದರು.

ಅವರ ಮಾತು ತಪ್ಪಲ್ಲ. ಕಾಲು ಮಾತ್ರ ಹಿಡಿದರೆ ಕೈ ಬಿಡುವಾಗಿರುತ್ತದೆ. ಹಿಡಿಸಿಕೊಂಡೇ ಚೆಂಡು ದಾಟಿಸುವುದಕ್ಕೆ ಆಫ್‌ಲೋಡ್ ಅನ್ನುತ್ತಾರೆ, ಈ ಕಲೆಯಲ್ಲಿ ದೊಡ್ಡ ಹೆಸರು ಆಸ್ಟ್ರೇಲಿಯಾದ ಫಾರ್ವರ್ಡ್ ಆರ್ಥರ್ ಬೀಟ್ಸನ್. ಮೈಮೇಲೆ ಇಬ್ಬರು ಮೂವರು ನೇತಾಡುತ್ತಿದ್ದರೂ ಚೆಂಡು ದಾಟಿಸುತ್ತಿದ್ದರು. 1980ರಲ್ಲಿ ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ ನಡೆದ ಮೊದಲ ಸ್ಟೇಟ್ ಆಫ್ ಒರಿಜಿನ್‌ನಲ್ಲಿ (ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಲೀಗ್ ಪಂದ್ಯ) 35ರ ವಯಸ್ಸಿನಲ್ಲಿ ಕ್ವೀನ್ಸ್‌ಲ್ಯಾಂಡ್ ನಾಯಕ, 20-10 ಗೆಲುವು. ಆಮೇಲೆ ಅದೇ ತಂಡದ ಕೋಚ್. ಇಂಥ ಫಾರ್ವರ್ಡ್‌ಗೆ ಬರೀ ಕಣಕಾಲು ಹಿಡಿದು ಏನು ಪ್ರಯೋಜನ?

ಹಾಗಾಗಿ ಏಳು ಸೀಸನ್ ನಾನೂ ಮೇಲೆಯೇ ಹೋದೆ. ಸುಮಾರು ತೊಂಬತ್ತು ಪಂದ್ಯ, ಮೂರು ಟ್ರೈ. ಬಂದಾಗ 84 ಕೆಜಿ ಇದ್ದವನು 99 ಆದೆ. ಮೈ ಏರಿಸಲು ಒಂದು ಪ್ರಯೋಗ ಮಾಡಿದ್ದೆ: ಪಂದ್ಯದ ಹಿಂದಿನ ರಾತ್ರಿ ಪಾಸ್ತಾ ಬದಲು ಎರಡು ಮುದ್ದೆ, ಕುರಿ ಮಾಂಸದ ಸಾರು. ನನಗೆ ಚೆನ್ನಾಗಿ ಒಗ್ಗಿತು. ಸಮೋವಾದ ಗೆಳೆಯನೊಬ್ಬನಿಗೂ ಕೊಟ್ಟೆ, ಅವನು ಅಗಿದು ಅಗಿದು ಬಿಟ್ಟ. ನುಂಗಬೇಕು ಅಂತ ಹೇಳಲು ಮರೆತಿದ್ದೆ. ಆದರೆ ತೂಕ ಏರಿದರೂ ನನ್ನ ಎತ್ತರ ಐದು ಅಡಿ ಎಂಟು ಇಂಚೇ ಅಲ್ವಾ? ಎದೆಗೆ ಎದೆ ಕೊಟ್ಟು ಪಕ್ಕೆಲುಬು ಎರಡು ಸಲ ಮುರಿಯಿತು. ಎಡ ಭುಜ 2016ರಲ್ಲಿ ಹೋಯಿತು. ಫಿಸಿಯೋಗೆ ಒಂದು ಸಲಕ್ಕೆ 90 ಡಾಲರ್, ಇಪ್ಪತ್ತು ಸಲವಾದರೂ ಹೋಗಿರಬೇಕು. ಆರು ವಾರ ಕೆಲಸಕ್ಕೆ ಹೋಗಲಿಲ್ಲ, ಆ ಸಂಬಳವೂ ಹೋಯಿತು. ಮುಂದಿನ ವರ್ಷ ಆಟ ನಿಲ್ಲಿಸಿದೆ.

2019ರಲ್ಲಿ ಹದಿಮೂರು ವರ್ಷದ ಒಳಗಿನವರ ತಂಡಕ್ಕೆ ಕೋಚ್ ಸಿಗಲಿಲ್ಲ, ನಾನು ಒಪ್ಪಿಕೊಂಡೆ. ನಮ್ಮ ಹುಡುಗರು ಸಣ್ಣ ಮೈಯವರು. ಅರ್ಧದಷ್ಟು ಮಂದಿ ಭಾರತ, ನೇಪಾಳ, ಲೆಬನಾನ್ ಮನೆಗಳಿಂದ ಬಂದವರು. ಎದುರಾಳಿ ತಂಡಗಳಲ್ಲಿ ಅದೇ ವಯಸ್ಸಿಗೆ 80 ಕೆಜಿ ಹುಡುಗರು. ಎದೆಗೆ ಎದೆ ಕೊಟ್ಟರೆ ನನ್ನ ಗತಿಯೇ ಇವರಿಗೂ. ಅದಕ್ಕೆ ಹೀಗೆ ಯೋಚಿಸಿದೆ: ಒಬ್ಬ ಮೇಲೆ ಚೆಂಡು ಕಟ್ಟಲಿ, ಇನ್ನೊಬ್ಬ ಬಂದು ಕಾಲು ಎಳೆಯಲಿ.

ಇದು ನನ್ನ ದೊಡ್ಡ ತಪ್ಪು. ಮೇಲೆ ಹಿಡಿದು ನಿಲ್ಲಿಸಿದವನ ಕಾಲಿಗೆ ಆಮೇಲೆ ಬಂದು ಬಿದ್ದರೆ ಅವನ ಮೊಣಕಾಲು ಎಲ್ಲಿಗೂ ಹೋಗಲಾರದೆ ಮುರಿಯಬಹುದು. ಅದಕ್ಕೇ ಹೀಗೆ ಬೀಳುವ ಕ್ಯಾನನ್‌ಬಾಲ್ ಟ್ಯಾಕಲ್‌ಗೆ ಪೆನಾಲ್ಟಿ ಇರುವುದು. ನಿಯಮ ಗೊತ್ತಿತ್ತು. ಇಬ್ಬರೇ ತಾನೇ, ನಡೆಯುತ್ತದೆ ಅಂದುಕೊಂಡಿದ್ದೆ. ಮೂರನೇ ಪಂದ್ಯದಲ್ಲಿ ಎದುರಾಳಿ ಹುಡುಗನ ಮೊಣಕಾಲು ತಿರುಚಿತು. ಅವನ ಅಪ್ಪ ಗೆರೆ ದಾಟಿ ಬಂದು, ನಡುಗುವ ದನಿಯಲ್ಲಿ "ನಿನಗೆ ಮಕ್ಕಳಿದ್ದಾರಾ?" ಅಂತ ಕೇಳಿದರು. ಉತ್ತರ ಕೊಡಲಾಗಲಿಲ್ಲ. ಹುಡುಗ ಮೂರು ವಾರಕ್ಕೆ ಮತ್ತೆ ಆಡಿದ, ಸದ್ಯ. ಕಮಿಟಿಯವರು ನನ್ನನ್ನು ಕರೆದು ಕಬಡ್ಡಿ ಸುದ್ದಿ ಎತ್ತಬೇಡ ಅಂದರು. ಆ ವರ್ಷ ಹದಿನಾಲ್ಕರಲ್ಲಿ ಎರಡು ಪಂದ್ಯ ಗೆದ್ದೆವು.

ದಾರಿ ಸಿಕ್ಕಿದ್ದು ಕಬಡ್ಡಿಯಲ್ಲೇ. ಆ ಚಳಿಗಾಲ ರಾತ್ರಿ ಹೊತ್ತು ಪ್ರೊ ಕಬಡ್ಡಿ ನೋಡುತ್ತಿದ್ದೆ. ನಮ್ಮ ಬಿ.ಸಿ. ರಮೇಶ್ ಕೋಚ್ ಆಗಿದ್ದ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದ ಸೀಸನ್ ಅದು. ಕಾರ್ನರ್ ಮತ್ತು ಅವನ ಒಳಬದಿಗೆ ನಿಲ್ಲುವ ಕವರ್, ಈ ಜೋಡಿಯನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಮೊದಲು ಕಾರ್ನರ್ ಕಾಲಿಗೆ ಹೋಗುತ್ತಾನೆ. ರೈಡರ್ ಸಮತೋಲ ತಪ್ಪಿದ ಮೇಲೆ ಕವರ್ ಬಂದು ಮೈ ಮುಚ್ಚುತ್ತಾನೆ. ವರ್ಷಗಟ್ಟಲೆ ಕಾರ್ನರ್ ಆಡಿದ ನಾನೇ ಇದನ್ನು ಮೈದಾನದಲ್ಲಿ ತಲೆಕೆಳಗು ಮಾಡಿದ್ದೆ! ಕಾಲು ಮೊದಲು ಹೋದರೆ ಅವನು ಆಗಲೇ ಬೀಳುತ್ತಿರುತ್ತಾನೆ. ಎರಡನೆಯವನು ಚೆಂಡಿಗೆ ಹೋಗುತ್ತಾನೆ. ಮೊಣಕಾಲಿಗೆ ಅಪಾಯ ಕಡಿಮೆ, ಪೆನಾಲ್ಟಿ ಇಲ್ಲ, ಆಫ್‌ಲೋಡ್ ಇಲ್ಲ.

ಆದರೆ ಹಿಡಿತವನ್ನು ಹಾಗೇ ಎತ್ತಿ ತರಲು ಆಗುವುದಿಲ್ಲ. ರೈಡರ್ ನಿಂತು ತಡವುತ್ತಾನೆ, ಫಾರ್ವರ್ಡ್ ಹತ್ತು ಮೀಟರ್‌ನಿಂದ ನುಗ್ಗುತ್ತಾನೆ. ಬರೀ ಕೈ ಚಾಚಿದರೆ ಬೆರಳು ಹೋಗುತ್ತದೆ. ನಾನು ಕಲಿಸುವುದು ಹೀಗೆ: ಭುಜ ತೊಡೆಯ ಮಧ್ಯಕ್ಕೆ ತಾಗಬೇಕು, ತಲೆ ಅವನ ಹಿಂಬದಿಗೆ ಸರಿದಿರಬೇಕು. ತಲೆ ಮುಂದೆ ಉಳಿದರೆ ಮಂಡಿ ನೇರ ಕೆನ್ನೆಗೆ ಬರುತ್ತದೆ. ತಾಗಿದ ಕೂಡಲೇ ಎರಡೂ ತೋಳು ಕೆಳಗೆ ಜಾರುತ್ತಾ ಬರಬೇಕು. ಮಂಡಿ ದಾಟಿ ಕಣಕಾಲಿನ ಹತ್ತಿರ ಬೀಗ. ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇರಬೇಕು, ಬೇರೆ ನಿಲ್ಲಬಾರದು. ಸಾಕ್ಸ್ ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ಅದಕ್ಕೇ ಪ್ರಾಕ್ಟೀಸ್‌ಗೆ ಹಳೆ ಸಾಕ್ಸ್ ಬಕೆಟ್‌ನಲ್ಲಿ ನೆನೆಸಿ ಹಾಕಿಸುತ್ತಿದ್ದೆ. ಮಂಗಳವಾರ ಜೂನ್ ಚಳಿಯಲ್ಲಿ ಒದ್ದೆ ಸಾಕ್ಸ್ ಹಾಕಿಕೊಂಡು ಗೊಣಗದೆ ನಿಂತ ಆ ಹುಡುಗರನ್ನು ನೆನೆದರೆ ಈಗಲೂ ಹೆಮ್ಮೆ.

ಎರಡನೆಯವನು ಯಾವ ಕಡೆಯಿಂದ ಬರಬೇಕು, ಅವನ ಮೊದಲ ಹೆಜ್ಜೆ ಯಾವ ಸನ್ನೆಗೆ ಏಳಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಡಿವಿಜನ್‌ನಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ. ಒಂದು ಪದ ಇದೆ, ಕನ್ನಡದ್ದು. ಲೆಬನಾನ್ ಹುಡುಗರೂ ಅದನ್ನೇ ಕೂಗುತ್ತಾರೆ. ಅಷ್ಟು ಸಾಕು.

ಖರ್ಚಿನ ವಿಷಯ. ಕಮಿಟಿ ದುಡ್ಡು ಕೊಡಲಿಲ್ಲ. ಮುಚ್ಚಿಹೋದ ಒಂದು ಜೂಡೋ ಶಾಲೆಯಿಂದ ಹಳೆ ಮ್ಯಾಟ್ ತಂದೆ, ಆರುನೂರು ಡಾಲರ್ ಹತ್ತಿರ. ಕಬಡ್ಡಿಯ 13 ಮೀಟರ್‌ಗೆ 10 ಮೀಟರ್ ಅಳತೆಗೆ ಸಾಲಲಿಲ್ಲ, ಅರ್ಧದಲ್ಲೇ ಹೊಂದಿಸಿಕೊಂಡೆ. ಟ್ಯಾಕಲ್ ಬ್ಯಾಗ್ ನಾಲ್ಕು, ಒಂದೊಂದು ನೂರ ನಲವತ್ತು. ಬ್ಯಾಗ್ ತಗೊಂಡಿದ್ದು ದಂಡ, ಬ್ಯಾಗ್‌ಗೆ ಕಣಕಾಲು ಇರುವುದಿಲ್ಲ. ಒಟ್ಟು ನಾಲ್ಕು ವರ್ಷಕ್ಕೆ ನನ್ನ ಜೇಬಿನಿಂದ 3,800 ಡಾಲರ್ ಹೋಗಿರಬಹುದು. ಮನೆಯಲ್ಲಿ ಇದಕ್ಕೆ ಮಾತಾಗಿದೆ.

2020ರಲ್ಲಿ ಕೋವಿಡ್‌ನಿಂದ ಸೀಸನ್ ತಡವಾಯಿತು. 2021ರಲ್ಲಿ ಹಿಡಿತ ಕೂಡಿಬಂದಿತ್ತು, ಏಳರಲ್ಲಿ ಐದು ಗೆದ್ದಿದ್ದೆವು. ಜೂನ್ ಕೊನೆಗೆ ಲಾಕ್‌ಡೌನ್, ಅಲ್ಲಿಗೆ ಮುಗಿಯಿತು. 2022ರಲ್ಲಿ ಸಿಡ್ನಿ ಹಿಂದೆಂದೂ ಕಾಣದಷ್ಟು ಮಳೆ ಕಂಡಿತು. ವಾರಗಟ್ಟಲೆ ಮೈದಾನಕ್ಕೆ ಬೀಗ. ಆಗ ನನ್ನ ಮ್ಯಾಟ್ ಕೆಲಸಕ್ಕೆ ಬಂತು. ಬೇರೆ ತಂಡಗಳು ಮನೆಯಲ್ಲಿ ಕೂತಿದ್ದಾಗ ನಾವು ಶೆಡ್‌ನಲ್ಲಿ ಹಿಡಿತ ಆಡಿದೆವು.

ಅದೇ ಮಳೆಗಾಲದಲ್ಲಿ ಒಂದು ಅಡ್ಡ ಪ್ರಯೋಗ ಮಾಡಿದೆ. ಕಬಡ್ಡಿ ಕಬಡ್ಡಿ ಅಂತ ಉಸಿರು ಕಟ್ಟಿ ಓಡಿಸಿದರೆ ಫಾರ್ವರ್ಡ್‌ಗಳ ದಮ್ಮು ಹೆಚ್ಚುತ್ತದೆ ಅಂದುಕೊಂಡೆ. ಐದು ವಾರ ನೋಡಿದೆ, ಏನೂ ಆಗಲಿಲ್ಲ. ಹುಡುಗರಿಗೆ ಖುಷಿಯಾಯಿತು, ಅಷ್ಟೇ. ಲೀಗ್ ಫಾರ್ವರ್ಡ್‌ಗೆ ಬೇಕಿರುವ ದಮ್ಮು ಬೇರೆ: ಬಿದ್ದು ಎದ್ದು ಹತ್ತು ಮೀಟರ್ ಹಿಂದೆ ಓಡಿ ಮತ್ತೆ ಮುಂದೆ ಬರುವುದು. ಅದನ್ನು ಹಾಗೆಯೇ ಮಾಡಿಸಬೇಕು.

ಪಂದ್ಯದ ಲೆಕ್ಕ ಬರೆದಿಡುವ ನನ್ನ ನೋಟ್‌ಬುಕ್ ಅಭ್ಯಾಸ ಮಾತ್ರ ಇಲ್ಲಿನ ಹೆಸರಾಂತ ಲೀಗ್ ಕೋಚ್ ಜ್ಯಾಕ್ ಗಿಬ್ಸನ್ ಅವರಿಂದ ಬಂದದ್ದು. ಅವರೂ ಫಾರ್ವರ್ಡ್ ಆಗಿದ್ದವರು. ಕೋಚ್ ಆಗಿ ಸಿಡ್ನಿಯ ಕ್ಲಬ್‌ಗಳಾದ ಈಸ್ಟರ್ನ್ ಸಬರ್ಬ್ಸ್‌ಗೆ 1974, 75ರಲ್ಲಿ, ಪ್ಯಾರಮ್ಯಾಟಾಗೆ 1981ರಿಂದ ಸತತ ಮೂರು ವರ್ಷ ಪ್ರಶಸ್ತಿ ತಂದರು. 1981ರ ಗೆಲುವಿನ ರಾತ್ರಿ ಅಭಿಮಾನಿಗಳು ಖುಷಿಗೆ ಕಂಬರ್ಲ್ಯಾಂಡ್ ಓವಲ್‌ನ ಸ್ಟ್ಯಾಂಡನ್ನೇ ಸುಟ್ಟುಹಾಕಿದ ಕಥೆ ಇಲ್ಲಿನ ಮುದುಕರು ಈಗಲೂ ಹೇಳುತ್ತಾರೆ. ಯಾರು ಎಷ್ಟು ಟ್ಯಾಕಲ್ ಮಾಡಿದರು ಅಂತ ಲೆಕ್ಕ ಇಡುವುದನ್ನು ಇಲ್ಲಿ ಶಿಸ್ತಾಗಿ ಮಾಡಿದವರು ಅವರು. ನಾನು ಸ್ವಲ್ಪ ಬದಲಿಸಿದೆ. ಟ್ಯಾಕಲ್ ಎಣಿಸಲಿಲ್ಲ, ಜೋಡಿ ಎಣಿಸಿದೆ. ಕಾಲಿಗೆ ಯಾರು, ಚೆಂಡಿಗೆ ಯಾರು. 2023ರಲ್ಲಿ ನಮ್ಮ ಎಂಟು ಮತ್ತು ಹನ್ನೊಂದನೇ ನಂಬರ್ ಜೋಡಿ ಒಂದೇ ಪಂದ್ಯದಲ್ಲಿ ಇಪ್ಪತ್ತರ ಮೇಲೆ ಬರೆಸಿಕೊಂಡಿತು.

ಫೈನಲ್ 14-10. ಕೊನೆಯ ಎರಡು ನಿಮಿಷ ಅವರು ನಮ್ಮ ಗೆರೆಯಿಂದ ಐದು ಮೀಟರ್‌ನಲ್ಲಿದ್ದರು. ಐದನೇ ಟ್ಯಾಕಲ್ ಆಗಿತ್ತು, ಒಂದೇ ಬಾಕಿ. ಅವರ ದೊಡ್ಡ ಪ್ರಾಪ್ ಬಂದ. ನಮ್ಮ ಎಂಟನೇ ನಂಬರ್ ಹುಡುಗ, ನೇಪಾಳದವನು, ಅವನಿಗಿಂತ ಮೂವತ್ತು ಕೆಜಿ ಕಡಿಮೆ. ತೊಡೆಗೆ ತಾಗಿ ಜಾರಿದ. ಆ ಪದ ಕೇಳಿಸಿತು. ಹನ್ನೊಂದನೆಯವನು ಚೆಂಡಿನ ಮೇಲೆ ಬಿದ್ದ. ಗೆರೆ ಅವರ ತಲೆಯಿಂದ ಒಂದು ಗೇಣು ದೂರ.

ಈ ಮಾರ್ಚ್‌ನಿಂದ ಹೊಸ ಹದಿಮೂರರ ತಂಡ. ಮ್ಯಾಟ್‌ನ ಎರಡು ತುಂಡು ಹರಿದಿವೆ. ಈ ಸಲ ಕಮಿಟಿಯವರೇ ಹೊಸದು ಕೊಡಿಸುತ್ತೇವೆ ಅಂದಿದ್ದಾರೆ. ಅಳತೆ ಕೇಳಿದರು. 13ಕ್ಕೆ 10 ಅಂತ ಬರೆದುಕೊಟ್ಟಿದ್ದೇನೆ.