ಎರಡೂವರೆ ವರ್ಷದವಳು, ಐದು ತಿಂಗಳವನು, ಮೂರು ದಿನದ ಥೀಮ್ ಪಾರ್ಕ್

ಮೊದಲ ದಿನ ಮಧ್ಯಾಹ್ನ ಎರಡು ಗಂಟೆ. ಒಂದು ಅಂಗಡಿಯ ಹಿಂದಿನ ಗೋಡೆಯ ನೆರಳಿನಲ್ಲಿ ನಾವು ನಾಲ್ಕೂ ಜನ ಕೂತಿದ್ದೆವು. ಮಗಳು ನೆಲದ ಮೇಲೆ ಮಲಗಿ ರಚ್ಚೆ ಹಿಡಿದಿದ್ದಳು. ಮಗ ಹಾಲೂ ಕುಡಿಯದೆ, ನಿದ್ದೆಯೂ ಮಾಡದೆ ಒಂದೇ ಸಮನೆ ಅಳುತ್ತಿದ್ದ. ನನ್ನ ಗಂಡ ಪಾರ್ಕಿನ ಮ್ಯಾಪ್ ನೋಡುತ್ತಾ, "ಇನ್ನೂ ಐದು ರೈಡ್ ಬಾಕಿ ಇದೆ ಕಣೇ" ಅಂದರು. ನಾನು, "ಬೇಡ ರೀ, ರೂಮಿಗೆ ಹೋಗೋಣ" ಅಂದೆ. ನಮ್ಮ ಪ್ರವಾಸ ಸರಿದಾರಿಗೆ ಬಂದದ್ದು ಅಲ್ಲಿಂದಲೇ.

ನಾವು ಉಳಿದುಕೊಂಡಿದ್ದು ಪಾರ್ಕಿಗೆ ಅಂಟಿಕೊಂಡೇ ಇರುವ ರೆಸಾರ್ಟಿನಲ್ಲಿ. ಗೇಟಿನಿಂದ ರೂಮಿಗೆ ಹತ್ತು ನಿಮಿಷದ ನಡಿಗೆ. ರೂಮಿಗೆ ಬಂದು, ಪರದೆ ಎಳೆದು, ಇಬ್ಬರ ಮೈಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮಗ ಹಾಲು ಕುಡಿಯುತ್ತಲೇ ನಿದ್ದೆಗೆ ಜಾರಿದ. ಮಗಳು ಎರಡು ಗಂಟೆ ಅಲುಗಾಡದೆ ಮಲಗಿದಳು. ಐದು ಗಂಟೆಗೆ ಮತ್ತೆ ಪಾರ್ಕಿಗೆ ಹೋದೆವು. ಬೆಳಿಗ್ಗೆ ಯಾವ ರೈಡ್ ನೋಡಿ ಅತ್ತಿದ್ದಳೋ ಅದೇ ರೈಡಿನಲ್ಲಿ ಕೈ ತಟ್ಟುತ್ತಾ ಕೂತಳು.

ಅವಳಿಗೆ ಹೆದರಿಕೆ ಇರಲಿಲ್ಲ, ನಿದ್ದೆ ಬಂದಿತ್ತು ಅಷ್ಟೇ.

ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ನಾಲ್ಕು ತಿಂಗಳು ದಾಟಿದ ಕೂಸಿಗೆ 12ರಿಂದ 16 ಗಂಟೆ. ಹಗಲಿನ ನಿದ್ದೆಯೂ ಇದರಲ್ಲೇ ಸೇರುತ್ತದೆ. ಮನೆಯಲ್ಲಿ ಇದನ್ನೆಲ್ಲ ಎಷ್ಟು ಜೋಪಾನವಾಗಿ ನೋಡಿಕೊಳ್ಳುತ್ತೇವೆ, ಅಲ್ವಾ? ಪ್ರವಾಸ ಅಂದ ಕೂಡಲೇ ಮರೆತುಬಿಡುತ್ತೇವೆ. ಎರಡನೆಯ ದಿನದಿಂದ ಪಾರ್ಕಿನ ವೇಳಾಪಟ್ಟಿ ಪಕ್ಕಕ್ಕಿಟ್ಟು ಮಕ್ಕಳ ನಿದ್ದೆಯ ವೇಳಾಪಟ್ಟಿ ಹಿಡಿದೆವು. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಒಳಗೆ. ಮಕ್ಕಳು ಹೇಗೂ ಆರಕ್ಕೇ ಎದ್ದಿರುತ್ತಾರೆ, ಮೊದಲ ಒಂದು ಗಂಟೆ ಕ್ಯೂ ಕೂಡ ಕಡಿಮೆ. ಹನ್ನೊಂದೂವರೆಗೆ ಊಟ, ಹನ್ನೆರಡೂವರೆಗೆ ರೂಮು. ಬಿಸಿಲು ಇಳಿದ ಮೇಲೆ ಮತ್ತೆ ಎರಡು ಗಂಟೆ ಪಾರ್ಕು. ಏಳೂವರೆಗೆ ವಾಪಸ್. ರಾತ್ರಿಯ ಪಟಾಕಿ ಪ್ರದರ್ಶನವನ್ನು ಪೂರ್ತಿ ಕೈಬಿಟ್ಟೆವು. ಒಂದು ರಾತ್ರಿ ರೂಮಿನ ಕಿಟಕಿಯಿಂದ ದೂರದ ಬೆಳಕು ಕಂಡಿತು. ಅಷ್ಟೇ ಸಾಕಾಯಿತು. ಅಷ್ಟು ಸದ್ದಿನ ಹತ್ತಿರ ಕೂಸನ್ನು ಕರೆದೊಯ್ಯಲೇಬೇಕು ಅಂದರೆ ಹೆಡ್‌ಫೋನ್ ತರಹದ, ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ಹಾಕಿ. ಕಿವಿಯೊಳಗೆ ತುರುಕುವ ಚಿಕ್ಕ ಪ್ಲಗ್ ಬೇಡ. ಕಳಚಿ ಬಿದ್ದರೆ ಬಾಯಿಗೆ ಹಾಕಿಕೊಳ್ಳುತ್ತಾರೆ.

ಹಾಗಾಗಿ ರೂಮು ಬುಕ್ ಮಾಡುವಾಗ ನಾನು ಈಗ ನೋಡುವುದು ಎರಡೇ ವಿಷಯ. ಒಂದು, ಗೇಟಿಗೆ ಎಷ್ಟು ದೂರ. ಇನ್ನೊಂದು, ಪರದೆ ಎಳೆದರೆ ನಿಜವಾಗಿ ಕತ್ತಲಾಗುತ್ತದಾ. ಈಜುಕೊಳದ ಕಡೆಗಿರುವ ರೂಮು ನೋಡಲು ಚೆಂದ, ಆದರೆ ಮಧ್ಯಾಹ್ನದ ಗಲಾಟೆಯೆಲ್ಲ ಒಳಗೇ ಬರುತ್ತದೆ. ನಾವು ಕೇಳಿ ಹಿಂಬದಿಯ ರೂಮು ಹಾಕಿಸಿಕೊಂಡೆವು. ಕೂಸಿಗೆ ತೊಟ್ಟಿಲು ಬೇಕು ಅಂತ ಬುಕಿಂಗ್ ಸಮಯದಲ್ಲೇ ಹೇಳಿದ್ದೆವು. ಹೋಗುವ ಎರಡು ದಿನ ಮೊದಲು ಫೋನ್ ಮಾಡಿ ಮತ್ತೆ ಖಚಿತ ಮಾಡಿಕೊಂಡೆವು. ತೊಟ್ಟಿಲು ಬಂದಾಗ ಅದರೊಳಗೆ ದಿಂಬು, ದಪ್ಪ ಹೊದಿಕೆ ಎಲ್ಲ ಇತ್ತು. ಎಲ್ಲ ತೆಗೆದಿಟ್ಟೆ. ಗಟ್ಟಿ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಕೂರುವ ಒಂದು ಬಟ್ಟೆ, ಕೂಸು ಅಂಗಾತ. ಅಷ್ಟೇ ಇರಬೇಕು. ಬಟ್ಟೆಯನ್ನು ನಮ್ಮ ಮನೆಯಿಂದಲೇ, ಒಗೆಯದೆ ತಂದಿದ್ದೆ. ಮನೆಯ ವಾಸನೆ ಇದ್ದರೆ ಬೇಗ ನಿದ್ದೆ ಹೋಗುತ್ತಾನೆ ಅನ್ನುವ ಆಸೆ. ಹಾಗೇ ಆಯಿತು.

ಮಗಳಿಗಾಗಿ ಮಾಡಿದ್ದು ಬೇರೆ. ರೂಮಿಗೆ ಕಾಲಿಟ್ಟ ಕೂಡಲೇ ನಾನು ಮಂಡಿಯೂರಿ ಒಂದು ಸುತ್ತು ಹಾಕಿದೆ. ಅವಳ ಎತ್ತರದಿಂದ ನೋಡಿದರೆ ರೂಮು ಬೇರೆಯೇ ಕಾಣುತ್ತದೆ. ನೀರು ಕಾಯಿಸುವ ಕೆಟಲ್‌ನ ವೈರು ಮೇಜಿನ ಅಂಚಿನಲ್ಲಿ ನೇತಾಡುತ್ತಿತ್ತು. ಬಾಲ್ಕನಿ ಬಾಗಿಲಿನ ಚಿಲಕ ಅವಳ ಕೈಗೆ ಎಟುಕುವಂತಿತ್ತು. ಬಾಲ್ಕನಿಯಲ್ಲಿದ್ದ ಕುರ್ಚಿ ಕಟಕಟೆಯ ಪಕ್ಕದಲ್ಲೇ ಇತ್ತು. ಕುರ್ಚಿ ಒಳಗೆ ಬಂತು, ಕೆಟಲ್ ಕಪಾಟಿನ ಮೇಲೆ ಹೋಯಿತು. ಐದು ನಿಮಿಷದ ಕೆಲಸ.

ಈಗ ಸ್ಟ್ರಾಲರ್, ಅಂದರೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯ ವಿಷಯ. ಇದರಲ್ಲಿ ನಾನು ತಪ್ಪು ಮಾಡಿ ಕಲಿತದ್ದು ಜಾಸ್ತಿ.

ಮಗಳು ನಡೆಯುತ್ತಾಳೆ, ಮಗನಿಗೆ ಒಂದು ಸ್ಟ್ರಾಲರ್ ಸಾಕು ಅಂದುಕೊಂಡಿದ್ದೆವು. ಮನೆಯಲ್ಲಿ ನಡೆಯುವ ಮಗು ಬೇರೆ, ಪಾರ್ಕಿನಲ್ಲಿ ನಡೆಯುವ ಮಗು ಬೇರೆ. ಹತ್ತು ಗಂಟೆಗೆಲ್ಲ ಅವಳು "ಎತ್ಕೋ ಅಮ್ಮಾ" ಶುರು ಮಾಡಿದಳು. ಅಲ್ಲೇ ಒಂದು ಸ್ಟ್ರಾಲರ್ ಬಾಡಿಗೆಗೆ ತೆಗೆದುಕೊಂಡೆವು. ಗಟ್ಟಿ ಪ್ಲಾಸ್ಟಿಕ್ಕಿನದು, ಹಿಂದಕ್ಕೆ ಬಾಗುವುದಿಲ್ಲ. ಕೂತು ನೋಡಲು ಸರಿ, ಮಲಗಲು ಆಗದು. ಹೆಚ್ಚಿನ ಪಾರ್ಕುಗಳಲ್ಲಿ ಈ ಬಾಡಿಗೆ ಗಾಡಿಯನ್ನು ಗೇಟಿನಲ್ಲೇ ಬಿಟ್ಟು ಬರಬೇಕು. ಅಂದರೆ ದಿನದ ಕೊನೆಯಲ್ಲಿ, ಅವಳು ನಿದ್ದೆಯಲ್ಲಿ ಭಾರವಾಗಿ, ನಾವು ಸುಸ್ತಾಗಿ ಇರುವ ಹೊತ್ತಿಗೇ ಅವಳನ್ನು ಎತ್ತಿಕೊಂಡು ನಡೆಯಬೇಕು. ಆ ಹತ್ತು ನಿಮಿಷ ನನ್ನ ಗಂಡನ ಹೆಗಲು ಬಿದ್ದುಹೋಯಿತು. ಮರುದಿನ ರೆಸಾರ್ಟಿನಲ್ಲಿ ವಿಚಾರಿಸಿ, ರೂಮಿನ ತನಕ ತರಬಹುದಾದ ಜೋಡಿ ಸ್ಟ್ರಾಲರ್ ತೆಗೆದುಕೊಂಡೆವು. ಎರಡೂ ಸೀಟು ಹಿಂದಕ್ಕೆ ಬಾಗುವಂಥದು. ಕೂಸಿನ ಕಡೆಯ ಸೀಟು ಪೂರ್ತಿ ಚಪ್ಪಟೆ ಆಗುತ್ತಿತ್ತು. ಕುತ್ತಿಗೆ, ಬೆನ್ನು ಇನ್ನೂ ಬಲಿಯದ ಮಕ್ಕಳಿಗೆ ಅದು ಬೇಕೇ ಬೇಕು. ಕೆಲವು ಪಾರ್ಕುಗಳಲ್ಲಿ ಸ್ಟ್ರಾಲರಿನ ಅಗಲ, ಉದ್ದಕ್ಕೆ ಮಿತಿ ಇರುತ್ತದೆ. ಅಮೆರಿಕದ ಡಿಸ್ನಿ ಪಾರ್ಕುಗಳ ನಿಯಮ 79 ಸೆಂಟಿಮೀಟರ್ ಅಗಲ, 132 ಸೆಂಟಿಮೀಟರ್ ಉದ್ದ. ಮನೆಯಿಂದ ಜೋಡಿ ಗಾಡಿ ಒಯ್ಯುವವರು ಟೇಪು ಹಿಡಿದು ಅಳೆದುಕೊಂಡೇ ಹೊರಡಿ.

ಇನ್ನೊಂದು ಮಾತು. ಹ್ಯಾಂಡಲ್‌ಗೆ ಬ್ಯಾಗು ನೇತು ಹಾಕಬೇಡಿ. ಎಲ್ಲರೂ ಹಾಕುತ್ತಾರೆ, ನಾನೂ ಹಾಕಿದ್ದೆ. ನೀರಿನ ಬಾಟಲಿ, ಡೈಪರ್, ಬಟ್ಟೆ ಎಲ್ಲ ತುಂಬಿದ ಬ್ಯಾಗು. ಮಗಳು ಸೀಟಿನಿಂದ ಇಳಿದದ್ದೇ ತಡ, ಮುಂದಿನ ಭಾರ ಹೋಗಿ ಗಾಡಿ ಹಿಂದಕ್ಕೆ ಮಗುಚಿಕೊಂಡಿತು. ಅದು ಬಾಡಿಗೆಯ ಒಂಟಿ ಗಾಡಿ, ಒಳಗೆ ಯಾರೂ ಇರಲಿಲ್ಲ. ಮಗ ನನ್ನ ಎದೆಯ ಮೇಲಿದ್ದ. ಆದರೂ ನನ್ನ ಕೈಕಾಲು ತಣ್ಣಗಾಯಿತು. ಅವತ್ತಿನಿಂದ ಭಾರದ್ದೆಲ್ಲ ಕೆಳಗಿನ ಬುಟ್ಟಿಯಲ್ಲಿ.

ಅದಕ್ಕಿಂತ ದೊಡ್ಡ ತಪ್ಪು ಬಟ್ಟೆ ಮುಚ್ಚಿದ್ದು. ಬಿಸಿಲು ಕಣ್ಣಿಗೆ ಬೀಳುತ್ತದೆ ಅಂತ ಕೂಸಿನ ಸ್ಟ್ರಾಲರಿನ ಮೇಲೆ ತೆಳ್ಳಗಿನ ಹತ್ತಿ ಬಟ್ಟೆ ಇಳಿಬಿಟ್ಟಿದ್ದೆ. ಹದಿನೈದು ನಿಮಿಷ ಕಳೆದು ಸುಮ್ನೆ ಕೈ ಒಳಗೆ ಹಾಕಿದೆ. ಮುಚ್ಚಳ ತೆಗೆದ ಪಾತ್ರೆಯ ಆವಿಯ ಹಾಗೆ ಬಿಸಿ ಗಾಳಿ ತಾಗಿತು. ಅವನ ಕೂದಲು ನೆತ್ತಿಗೆ ಅಂಟಿತ್ತು, ಕುತ್ತಿಗೆಯ ಮಡಿಕೆಯಲ್ಲಿ ಬೆವರು ನಿಂತಿತ್ತು. ಬಟ್ಟೆ ಎಷ್ಟೇ ತೆಳ್ಳಗಿರಲಿ, ಗಾಳಿಯಾಡುವುದು ನಿಂತರೆ ಒಳಗೆ ಬೇಗ ಕಾವೇರುತ್ತದೆ. ಮಗುವೂ ಕಣ್ಣಿಗೆ ಕಾಣುವುದಿಲ್ಲ. ಬಟ್ಟೆ ಎಸೆದು ಓಡಿಹೋಗಿ ಎಸಿ ಇರುವ ಜಾಗದಲ್ಲಿ ಹಾಲು ಕುಡಿಸಿದೆ. ಏನೂ ಆಗಲಿಲ್ಲ. ಆಮೇಲೆ ಸ್ಟ್ರಾಲರಿಗೆ ಸಿಕ್ಕಿಸುವ ಚಿಕ್ಕ ಕೊಡೆ, ಅಗಲ ಅಂಚಿನ ಟೋಪಿ, ತೆಳ್ಳಗಿನ ಉದ್ದ ತೋಳಿನ ಅಂಗಿ, ಇಷ್ಟರಲ್ಲೇ ಮುಗಿಸಿದೆವು. ಆರು ತಿಂಗಳ ಒಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಸನ್‌ಸ್ಕ್ರೀನ್ ಹಚ್ಚುವುದಿಲ್ಲ. ನೆರಳೇ ಅವರಿಗೆ ರಕ್ಷಣೆ.

ನೀರಿನ ವಿಷಯವೂ ಹಾಗೇ. ಬಿಸಿಲು ಅಂತ ಐದು ತಿಂಗಳ ಮಗುವಿಗೆ ನೀರು ಕುಡಿಸಬಾರದು. ಹಾಲೇ ಹೆಚ್ಚು ಸಲ ಕೊಡಬೇಕು, ಅದಕ್ಕೆ ನಾನು ನೀರು ಜಾಸ್ತಿ ಕುಡಿಯಬೇಕು. ಡೈಪರ್ ಎಣಿಸುವುದು ನನ್ನ ಅಳತೆ. ದಿನಕ್ಕೆ ಆರು ಒದ್ದೆ ಡೈಪರ್ ಆದರೆ ನೆಮ್ಮದಿ. ಪಂಪ್ ಮಾಡಿ ತೆಗೆದ ಎದೆಹಾಲು ಹೊರಗೆ 25 ಡಿಗ್ರಿಯ ತನಕ ಇದ್ದರೆ ನಾಲ್ಕು ಗಂಟೆ ಕೆಡದೆ ಇರುತ್ತದೆ. ಪಾರ್ಕಿನ ಬಿಸಿಲಿಗೆ ಆ ಲೆಕ್ಕ ಹಾಕಬೇಡಿ. ಐಸ್ ಪ್ಯಾಕ್ ಇಟ್ಟ ಚೀಲದಲ್ಲೇ ಒಯ್ಯಿರಿ.

ಪಾರ್ಕಿಗೆ ಹೋದ ಕೂಡಲೇ ನಾನು ಮ್ಯಾಪಿನಲ್ಲಿ ಹುಡುಕಿದ್ದು ಬೇಬಿ ಕೇರ್ ಕೋಣೆ. ದೊಡ್ಡ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ತಣ್ಣಗಿನ ಕೋಣೆ, ಹಾಲುಣಿಸಲು ಕುರ್ಚಿ, ಡೈಪರ್ ಬದಲಿಸಲು ಎತ್ತರದ ಮೇಜು. ಮಗ ಐದು ತಿಂಗಳಿಗೆ ಎಲ್ಲದಕ್ಕೂ ತಲೆ ತಿರುಗಿಸುವ ಹಂತದಲ್ಲಿದ್ದ. ಹೊರಗೆ ಬೆಂಚಿನ ಮೇಲೆ ಎರಡು ಗುಟುಕು ಕುಡಿದು ಬ್ಯಾಂಡಿನ ಸದ್ದಿಗೆ ತಿರುಗುತ್ತಿದ್ದ. ಆ ಮಂದ ಬೆಳಕಿನ ಕೋಣೆಯಲ್ಲಿ ಹೊಟ್ಟೆ ತುಂಬ ಕುಡಿದ.

ರೈಡುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸುತ್ತುವ ಕುದುರೆ, ನಿಧಾನದ ದೋಣಿ, ಪುಟ್ಟ ರೈಲು, ಇಷ್ಟೇ ಸಾಕು. ಇಂಥ ಕೆಲವಕ್ಕೆ ಕೂಸನ್ನೂ ತೊಡೆಯ ಮೇಲೆ ಕೂರಿಸಿಕೊಳ್ಳಲು ಬಿಡುತ್ತಾರೆ. ಕುಲುಕುವುದು, ಜರ್ಕ್ ಹೊಡೆಯುವುದು ಯಾವುದಕ್ಕೂ ಕೂಸು ಬೇಡ. ದೊಡ್ಡ ರೈಡುಗಳಿಗೆ 97, 102, 112 ಸೆಂಟಿಮೀಟರ್ ಹೀಗೆ ಎತ್ತರದ ನಿಯಮ ಇರುತ್ತದೆ. ನಮ್ಮ ಮಗಳು 90. ಮನೆಯಲ್ಲೇ ಅಳೆದು, ಅವಳಿಗೆ ಆಗದ ರೈಡುಗಳ ಹತ್ತಿರ ಹೋಗದ ಹಾಗೆ ದಾರಿ ಹಾಕಿಕೊಳ್ಳಬೇಕಿತ್ತು. ನಾವು ಮಾಡಲಿಲ್ಲ. ಅಳತೆಯ ಕಂಬದ ಕೆಳಗೆ ನಿಂತು ಕತ್ತು ಉದ್ದ ಮಾಡಿ, "ನಾನು ದೊಡ್ಡವಳು" ಅಂದಳು. ಅಲ್ಲಿದ್ದ ಹುಡುಗಿ ಬಗ್ಗಿ, ಅವಳ ಕಣ್ಣಿನ ಮಟ್ಟಕ್ಕೆ ಬಂದು, "ಇನ್ನೊಂದು ಸ್ವಲ್ಪ ಬೆಳೆದು ಬಾ, ಕಾಯ್ತಾ ಇರ್ತೀನಿ" ಅಂದಳು. ಮಗಳು ಅಳಲಿಲ್ಲ. ನನಗೇ ಗಂಟಲು ಕಟ್ಟಿತು.

ದೊಡ್ಡವರಿಗೂ ಒಂದೆರಡು ರೈಡ್ ಬೇಕಲ್ವಾ? ಅದಕ್ಕೆ ದಾರಿ ಇದೆ. ಒಬ್ಬರು ಮಕ್ಕಳ ಜೊತೆ ಹೊರಗೆ ಇರಬೇಕು, ಇನ್ನೊಬ್ಬರು ಹೋಗಿ ಬರಬೇಕು. ಆಮೇಲೆ ಕಾದಿದ್ದವರು ಪೂರ್ತಿ ಕ್ಯೂ ಮತ್ತೆ ನಿಲ್ಲದೆ ಹೋಗಬಹುದು. ಡಿಸ್ನಿಯಲ್ಲಿ ಇದನ್ನು ರೈಡರ್ ಸ್ವಿಚ್ ಅನ್ನುತ್ತಾರೆ, ಯೂನಿವರ್ಸಲ್ ಪಾರ್ಕುಗಳಲ್ಲೂ ಇಂಥದೇ ವ್ಯವಸ್ಥೆ ಇದೆ. ಕ್ಯೂ ಸೇರುವ ಮೊದಲೇ ಬಾಗಿಲಲ್ಲಿರುವ ಸಿಬ್ಬಂದಿಯನ್ನು ಕೇಳಬೇಕು. ಎರಡನೆಯ ದಿನ ಸಂಜೆ ಗಂಡ ನನ್ನ ಕೈಯಿಂದ ಮಗನನ್ನು ತೆಗೆದುಕೊಂಡು, "ನೀನು ಹೋಗ್ಬಾ" ಅಂದರು. ಐದು ತಿಂಗಳಲ್ಲಿ ಮೊದಲ ಸಲ ನನ್ನ ಎರಡೂ ಕೈ ಖಾಲಿ ಇದ್ದವು. ಎರಡು ನಿಮಿಷದ ರೋಲರ್ ಕೋಸ್ಟರ್. ಮೇಲಿನಿಂದ ಇಳಿಯುವಾಗ ಮನಸ್ಸು ಬಿಚ್ಚಿ ಕಿರುಚಿದೆ. ಅದು ನನಗೆ ಎಷ್ಟು ಬೇಕಾಗಿತ್ತು ಅಂತ ಇಳಿದ ಮೇಲೆ ಗೊತ್ತಾಯಿತು. ಚಿಕ್ಕ ಮಕ್ಕಳ ತಾಯಂದಿರು ಇದನ್ನು ಬಿಡಬೇಡಿ.

ವೇಷ ಹಾಕಿದ ದೊಡ್ಡ ಬೊಂಬೆಗಳ ಹತ್ತಿರ ಮಗುವನ್ನು ತಳ್ಳಬೇಡಿ. ಪುಸ್ತಕದಲ್ಲಿ ಅಂಗೈಯಷ್ಟಿದ್ದದ್ದು ಎದುರಿಗೆ ಅಪ್ಪನಿಗಿಂತ ಎತ್ತರ ಬಂದು ನಿಂತರೆ ಯಾರಿಗಾದರೂ ಭಯವೇ. ಮೊದಲು ದೂರದಿಂದ ಕೈ ಬೀಸಿದೆವು. ಮೂರನೆಯ ದಿನ ಅವಳೇ ಹೋಗಿ ಬಾಲ ಮುಟ್ಟಿ ಓಡಿ ಬಂದಳು. ಟಾಯ್ಲೆಟ್‌ನಲ್ಲಿ ತಾನಾಗಿಯೇ ನೀರು ಸುರಿಯುವ ಫ್ಲಶ್ ಇನ್ನೊಂದು ಭಯ. ಕೂತಿರುವಾಗಲೇ ಧಡಕ್ಕನೆ ಸುರಿದರೆ ಮತ್ತೆ ಕೂರುವುದೇ ಇಲ್ಲ. ಸೆನ್ಸರ್ ಮೇಲೆ ಅಂಟುವ ಚೀಟಿ ಅಂಟಿಸಿ, ಅವಳು ಹೊರಗೆ ಬಂದ ಮೇಲೆ ಕಿತ್ತೆ. ನೀರಾಟಕ್ಕೆ ಹಾಕುವ ಸ್ವಿಮ್ ಡೈಪರ್ ಮೂತ್ರವನ್ನು ಹಿಡಿಯುವುದಿಲ್ಲ, ಅದು ಇರುವುದು ಮಲಕ್ಕೆ ಮಾತ್ರ. ನೀರಿನ ಪಕ್ಕದಲ್ಲಿ ಮಗು ಯಾವಾಗಲೂ ಕೈಗೆಟುಕುವಷ್ಟು ಹತ್ತಿರ ಇರಬೇಕು. ಫೋನ್ ಬ್ಯಾಗಿನಲ್ಲಿರಲಿ.

ಪ್ರತಿದಿನ ಬೆಳಿಗ್ಗೆ ರೂಮಿನ ಬಾಗಿಲಲ್ಲಿ ಮಗಳ ಒಂದು ಫೋಟೊ ತೆಗೆಯುತ್ತಿದ್ದೆ. ಚೆಂದಕ್ಕಲ್ಲ. ತಪ್ಪಿಸಿಕೊಂಡರೆ ಅವತ್ತು ಯಾವ ಬಣ್ಣದ ಅಂಗಿ, ಯಾವ ಚಪ್ಪಲಿ ಅಂತ ತೋರಿಸಲು. ಕೈಗೆ ನಮ್ಮ ಫೋನ್ ನಂಬರ್ ಬರೆದ ಪಟ್ಟಿ ಇತ್ತು. ಹೆಸರು ಬರೆದಿರಲಿಲ್ಲ. ಹೆಸರು ಹಿಡಿದು ಕರೆದವರನ್ನು ಮಕ್ಕಳು ಬೇಗ ನಂಬುತ್ತಾರೆ.

ಮೂರನೆಯ ದಿನ ಬೆಳಿಗ್ಗೆ ನಾವು ಪಾರ್ಕಿಗೆ ಹೋಗಲೇ ಇಲ್ಲ. ನೆಲದಿಂದ ನೀರು ಚಿಮ್ಮುವ ಒಂದು ಜಾಗ ರೆಸಾರ್ಟಿನಲ್ಲೇ ಇತ್ತು. ಮಗಳು ಚಿಮ್ಮುವ ನೀರಿನ ಮೇಲೆ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟು ಮುಕ್ಕಾಲು ಗಂಟೆ ಕಳೆದಳು. ಸಂಜೆ ಹೋದಾಗ ಏನು ಬೇಕು ಅಂತ ಅವಳನ್ನೇ ಕೇಳಿದೆವು. "ರೈಲು" ಅಂದಳು. ಆಗಲೇ ಮೂರು ಸಲ ಹತ್ತಿದ್ದ ರೈಲು. ನಾಲ್ಕನೆಯ ಸಲವೂ ಹತ್ತಿದೆವು. ತಿರುವಿನಲ್ಲಿ ಸೀಟಿ ಊದಿದಾಗ ನನ್ನ ತೊಡೆಯ ಮೇಲಿದ್ದ ಮಗ ಸದ್ದು ಬಂದ ಕಡೆ ತಿರುಗಿ ಬಾಯಿ ತೆರೆದು ನಕ್ಕ. "ಅಮ್ಮಾ, ಪಾಪುಗೂ ರೈಲು ಇಷ್ಟ" ಅಂತ ಅವಳು ಅವನ ಕಾಲು ಹಿಡಿದುಕೊಂಡಳು. ನಿಲ್ದಾಣ ಬರುವ ತನಕ ಬಿಡಲಿಲ್ಲ. ಏಳೂವರೆಗೆ ರೂಮಿನಲ್ಲಿದ್ದೆವು.